ಮರೆವ್ವ ಎತ್ತಿದ ಮಂಗಳ

ಮೊರಬದ ಮರೆವ್ವನಿಗೆ ಹಾವು, ಚೇಳು, ಹೊಲದ ಧಣಿ ಯಾರ ಅಂಜಿಕೆಯೂ ಇರಲಿಲ್ಲ. ಹತ್ತಿ ಹೊಲದಲ್ಲಿ ಕಳೆ ತೆಗೆಯುತ್ತ ಅವಳು ಹಾಡಿದರೆ ಸಾಲಿನ ಹೆಂಗಸರೆಲ್ಲ ಹಿಂದಿನಿಂದ ಸೊಲ್ಲು ಹಿಡಿದು ಹಾಡಬೇಕು. ಹಿಡಿಯದವಳಿಗೆ ಬೈಗುಳ ಖಾತ್ರಿ. ಹಾಡೆಲ್ಲ ರೇಡಿಯೋದ ಶಿವಗಂಗವ್ವನ ತತ್ವಪದಗಳು. ಆ ದನಿಯನ್ನು ಒಮ್ಮೆ ಡಬ್ಬಿಯ ಹೊರಗೆ ಕೇಳಬೇಕೆಂಬುದೇ ಅವಳ ಜೀವದ ಆಸೆ.

ಎಂಬತ್ನಾಲ್ಕರ ಬೇಸಿಗೆಯಲ್ಲಿ ನವಲಗುಂದದ ಹೊರಗೊಂದು ಹತ್ತಿ ಗೋದಾಮಿನಲ್ಲಿ ಟಿಕೀಟು ಹಚ್ಚಿ ಶಿವಗಂಗವ್ವನ ಹಾಡಿಕೆ ಇಟ್ಟರು. ಮರೆವ್ವನ ಮಗಳು ಸಣ್ಣವ್ವ ಆಗ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

“ದಿನಾ ತುಂಬಿದ ಹುಡುಗೀನ ಆ ಗದ್ದಲಕ್ಕ ಒಯ್ಯಬ್ಯಾಡ ಬೇ,” ಎಂದಳು ಬಾಜು ಮನೆಯ ಜಮಾಲಬಿ.

“ಹಾಡು ಕೇಳಿದ್ರ ಕೂಸಿಗೆ ಛಲೋ,” ಎಂದು ಮರೆವ್ವ ಮಗಳನ್ನು ಬಸ್ಸು ಹತ್ತಿಸಿಯೇಬಿಟ್ಟಳು. ಆಸೆ ಅವಳದು, ನೆಪ ಕೂಸಿನದು.

ಗೋದಾಮಿಗೆ ಇದ್ದದ್ದು ಒಂದೇ ಬಾಗಿಲು, ಅದೂ ಒಳಕ್ಕೆ ತೆರೆಯುವಂಥದು. ಟಿಕೀಟಿಲ್ಲದವರು ನುಗ್ಗದಿರಲೆಂದು ಹೊರಗಿನಿಂದ ಸರಪಳಿ ಬಿಗಿದರು. ಆ ಸಪ್ಪಳಕ್ಕೆ ಮರೆವ್ವ ಹೊರಳಿ ಬಾಗಿಲ ಕಡೆ ನೋಡಿದಳು. ಒಳಗೆ ಎಲ್ಲಿ ನೋಡಿದರೂ ಬೀಡಿ, ಬಿತ್ತನೆ ಬೀಜ, ಕೂದಲೆಣ್ಣೆಯ ಬೋರ್ಡು; ಬೋರ್ಡಿನ ಸುತ್ತ ಮಿಣುಕುವ ಬಲ್ಬು. ಶಿವಗಂಗವ್ವ ಒಂದು ನುಡಿ ಮುಗಿಸುವಷ್ಟರಲ್ಲಿ ಮೈಕಿನವನು ನಡುವೆ ಬಾಯಿ ಹಾಕಿ ಎಣ್ಣೆ ಮಾರುತ್ತಿದ್ದ. ಪಾಪ, ಆ ಹೆಣ್ಣುಮಗಳ ಕೈಗೂ ಒಂದು ಬಾಟಲಿ ಹಿಡಿಸಿದ್ದರು. ಮಾರುವವರಿಗೆ ನಾಚಿಕೆ ಎಲ್ಲಿಯದು!

“ಯವ್ವಾ, ಉಸುರು ಕಟ್ಟಾಕತ್ತೇತಿ. ಹೊರಗ ಹೋಗೂಣು,” ಎಂದಳು ಸಣ್ಣವ್ವ.

“ಇನ್ನೊಂದು ಪದ ತಾಳವ್ವಾ.”

ಅಷ್ಟರಲ್ಲಿ ಎಣ್ಣೆಯ ಬೋರ್ಡು ಚಟಚಟನೆ ಸಿಡಿದು ಹೊಗೆ ಎದ್ದಿತು. ಯಾರೋ “ಬೆಂಕಿ!” ಎಂದು ಚೀರಿದರು. ಕುಳಿತ ಜನ ಒಮ್ಮೆಲೇ ಎದ್ದು ಬಾಗಿಲ ಕಡೆ ನುಗ್ಗಿದರು. ಮೈಕಿನವನು ಎಲ್ಲಿ ಹೋದನೋ ಕಾಣಲಿಲ್ಲ. ಮರೆವ್ವ ಮಗಳನ್ನು ಗೋಡೆಗೆ ಆನಿಸಿ ತಾನು ಅಡ್ಡ ನಿಂತಳು. ಬೆನ್ನಿಗೆ ಮೊಣಕೈಗಳು ಗುದ್ದುತ್ತಿದ್ದವು. ನನ್ನ ಹಾಡಿನ ಹುಚ್ಚಿಗೆ ಎರಡು ಜೀವ ಹೋಗುತ್ತವಲ್ಲ ಎನಿಸಿತು.

ಆ ಸೀಮೆಯ ಭಜನೆಯಲ್ಲಿ ಮಂಗಳ ಎತ್ತಿದರೆಂದರೆ ಎಲ್ಲರೂ ಇದ್ದಲ್ಲೇ ಕೈಮುಗಿದು ನಿಲ್ಲಬೇಕು. ಮುಗಿಯುವ ತನಕ ಯಾರೂ ಕದಲುವಂತಿಲ್ಲ. ಮರೆವ್ವ ಕಣ್ಣು ಮುಚ್ಚಿ, ಈ ಬದುವಿನಿಂದ ಆ ಬದುವಿಗೆ ಮುಟ್ಟುವ ತನ್ನ ಗಂಟಲಿನಿಂದ ಮಂಗಳ ಎತ್ತಿದಳು. ಮೊದಲ ಸಾಲು ನಡುಗಿತು. ಎರಡನೆಯದನ್ನು ವೇದಿಕೆಯಿಂದ ಶಿವಗಂಗವ್ವ ಹಿಡಿದಳು. ಬಾಜುವಿನ ಮುದುಕನೊಬ್ಬ ರೂಢಿಬಲದಿಂದ ನಿಂತು ಕೈಮುಗಿದ. ಅವನ ಹಿಂದಿನವರೂ ನಿಂತರು. ನೂಕಾಟ ಸಡಿಲಿತು. ಅಷ್ಟು ಹೊತ್ತಿಗೆ ಹೊರಗೆ ಸರಪಳಿ ಬಿಚ್ಚಿದ್ದರು. ಬಾಗಿಲಿಗೆ ಒತ್ತಿ ನಿಂತಿದ್ದ ಜನ ಹಿಂದೆ ಸರಿದ ಮೇಲೆಯೇ ಅದು ಒಳಕ್ಕೆ ತೆರೆಯಿತು.

ಬೋರ್ಡು ಬರೀ ಹೊಗೆಯಾಡಿ ಆರಿತು; ಸಣ್ಣವ್ವನಿಗೂ ಏನೂ ಆಗಲಿಲ್ಲ. ಮುಂದಿನ ವಾರ ಮೊರಬದಲ್ಲೇ ಹೆತ್ತಳು, ಹೆಣ್ಣುಕೂಸು. ನೋಡಲು ಬಂದ ಜಮಾಲಬಿ ಕೇಳಿದಳು: “ಹೆಂಗ ಹಾಡಿದ್ಲು ಬೇ, ನಿಮ್ಮ ಶಿವಗಂಗವ್ವ?”

ಮರೆವ್ವ ಕೂಸನ್ನು ತೊಡೆಯ ಮೇಲೆ ಎತ್ತಿಕೊಂಡಳು. “ಆಕಿ ಕೂಡ ಹಾಡೀನವಾ, ಖರೆ. ಆದ್ರ ದನಿ ಕೇಳ್ಲಿಲ್ಲ. ಕಿವ್ಯಾಗ ಬರೇ ಸರಪಳಿ ಸಪ್ಪಳಿತ್ತು.”

ಆಮೇಲೆ ರೇಡಿಯೋದಲ್ಲಿ ಶಿವಗಂಗವ್ವನ ಹಾಡು ಶುರುವಾದಾಗಲೆಲ್ಲ ಮರೆವ್ವ ಮೊದಲು ಎದ್ದು ಹೋಗಿ ಮನೆಯ ಬಾಗಿಲು ತೆರೆದಿಟ್ಟು ಬರುತ್ತಿದ್ದಳು.