ಕಪ್ಪು ಮೊಲದ ಹಣೆಯ ವಿಭೂತಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಹಾಗಾಗಿ ಮೊಲಗಳ ವಿಷಯದಲ್ಲೂ ನನ್ನದೇ ಕೊನೆಯ ಮಾತು. ಅರಸೀಕೆರೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಮ್ಮ, ನಾನು, ಒಂದು ಕಪ್ಪು ಮೊಲ, ಒಂದು ಬಿಳಿ ಮೊಲ. ಎರಡೂ ಹೆಣ್ಣು. ವರ್ಷವಿಡೀ ಒಂದಕ್ಕೊಂದು ಒತ್ತಿಕೊಂಡೇ ಮಲಗುತ್ತಿದ್ದವು. ಆಮೇಲೆ ಕಪ್ಪು ಮೊಲ ಬಸಿರಿಲ್ಲದೆಯೇ ಎದೆಯ ಕೂದಲು ಕಿತ್ತು ಗೂಡು ಕಟ್ಟತೊಡಗಿತು, ಹತ್ತಿರ ಬಂದ ಬಿಳಿಯನ್ನು ಅಟ್ಟತೊಡಗಿತು.

ಗರ್ಭಕೋಶ ತೆಗೆಸಿದರೆ ಶಾಂತವಾಗುತ್ತದೆ ಎಂದು ಓದಿದ್ದೆ. ಮೊಲದ ಆಪರೇಷನ್ ಮಾಡುವ ಡಾಕ್ಟರು ಹಾಸನದಲ್ಲಿ ಸಿಕ್ಕರು. ಎರಡನ್ನೂ ಒಟ್ಟಿಗೇ ತನ್ನಿ ಎಂದಿದ್ದರು. ಜಗಳ ತೆಗೆಯುವುದು ಒಂದೇ ತಾನೇ ಎಂದು ನಾನು ಕಪ್ಪನ್ನು ಮಾತ್ರ ಬುಟ್ಟಿಯಲ್ಲಿ ಹಾಕಿ ಬಸ್ಸಿನಲ್ಲಿ ಒಯ್ದೆ.

ವಾಪಸು ಬಂದಾಗ ಅಮ್ಮ ಬಾಗಿಲಲ್ಲೇ ನಿಲ್ಲಿಸಿ, ಬುಟ್ಟಿಯೊಳಗೆ ಕೈ ಹಾಕಿ ಅದರ ಹಣೆಗೆ, ಬೆನ್ನಿಗೆ ವಿಭೂತಿ ಸವರಿದಳು. ಆಸ್ಪತ್ರೆಯಿಂದ ಬಂದವರಿಗೆ ನಮ್ಮಲ್ಲಿ ಹಾಗೆಯೇ. ಪ್ರತಿ ಪರೀಕ್ಷೆಗೂ ನಾನು ಅದೇ ವಿಭೂತಿಯಲ್ಲಿ ಹೋದವಳು; ಬೇಡವೆನ್ನಲು ಬಾಯಿ ಬರಲಿಲ್ಲ. ಬುಟ್ಟಿ ತೆರೆದೆ. ಬಿಳಿ ಬಂದು ಮೂಸಿತು. ಔಷಧಿಯ ವಾಸನೆ, ವಿಭೂತಿಯ ವಾಸನೆ. ಗೆಳತಿಯದು ಮಾತ್ರ ಇಲ್ಲ. ಹಾರಿ ಕಪ್ಪಿನ ಕಿವಿ ಕಚ್ಚಿತು. ಹೊಲಿಗೆ ಉಳಿದದ್ದೇ ಪುಣ್ಯ.

ಅಂದಿನಿಂದ ಕಪ್ಪು ಅಡುಗೆಮನೆಯಲ್ಲಿ, ಬಿಳಿ ಕೋಣೆಯಲ್ಲಿ, ನಡುವಿನ ಬಾಗಿಲು ಸದಾ ಮುಚ್ಚಿ. ಒಂದು ಲೋಟ ನೀರಿಗೂ ಕೂಗಿ ಕೇಳಿ ಬಾಗಿಲು ತೆಗೆಯಬೇಕು. ಕಿಟಕಿಯ ಎದುರಿಗೆ ಕೊಬ್ಬರಿ ಗೋದಾಮಿನ ಗೋಡೆ. ಕಾವಲಿಗೆ ಒಬ್ಬರು ಬೇಕೆಂದು ಅಮ್ಮ, ನಾನು ಒಟ್ಟಿಗೆ ಒಂದು ಮದುವೆಗೆ ಹೋಗುವಂತಿರಲಿಲ್ಲ. ಒಂದನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಅಮ್ಮ ದಿನಾ ಹೇಳುತ್ತಿದ್ದಳು. ಯಾವುದನ್ನು ಕೊಡಲಿ?

ಕಪ್ಪಿನ ಗಾಯ ಮಾಗಿದ ಮೇಲೆ ಬಿಳಿಗೂ ಆಪರೇಷನ್ ಮಾಡಿಸಿದೆ. ಈ ಸಲ ಎರಡನ್ನೂ ಒಯ್ದೆ; ಒಂದರ ವಾಸನೆ ಇನ್ನೊಂದಕ್ಕೆ ಮರೆಯದಿರಲೆಂದು ಎರಡೂ ಬುಟ್ಟಿ ಪಕ್ಕಪಕ್ಕದಲ್ಲೇ ಇದ್ದವು. ಮೈಯೊಳಗಿನ ಕಾವು ಇಳಿಯಲು ವಾರಗಳೇ ಬೇಕು, ಆಮೇಲೆ ಎರಡರದೂ ಅಲ್ಲದ ಜಾಗದಲ್ಲಿ ದಿನಾ ಸ್ವಲ್ಪ ಹೊತ್ತು ಒಟ್ಟಿಗೆ ಬಿಡಿ ಎಂದರು ಡಾಕ್ಟರು. ನಮ್ಮ ಮನೆಯಲ್ಲಿ ಅಂಥ ಜಾಗ ಬಚ್ಚಲೊಂದೇ.

ವಾರಗಳು ಕಳೆದ ಮೇಲೆ ಚಿಲಕ ಹಾಕಿಕೊಂಡು, ಕೈಗೆ ಟವೆಲ್ ಸುತ್ತಿಕೊಂಡು, ನೀರಿನ ಡ್ರಮ್ಮಿಗೆ ಒರಗಿ ಕೂರತೊಡಗಿದೆ. ನನ್ನ ಕಾಲಿನ ಆಚೆಗೊಂದು, ಈಚೆಗೊಂದು. ಮೂರು ದಿನವೂ ಬಿಳಿ ಹಲ್ಲು ತೋರಿಸಿತು.

ನಾಲ್ಕನೆಯ ದಿನ ಹೊರಗಿನಿಂದ ಅಮ್ಮನ ದನಿ. “ಡಿಗ್ರಿ ಓದಿ ಬಚ್ಚಲು ಕಾಯ್ತಾ ಕೂತವಳೆ. ನಾನು ಸ್ನಾನ ಯಾವಾಗ ಮಾಡಾದು ಕಣೇ?”

“ಇವು ಕಚ್ಚಾಡದೆ ಇದ್ರೆ ಬತ್ತೀನಿ.”

ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ವಿಭೂತಿಯ ತುಂಡೊಂದು ಒಳಗೆ ಜಾರಿತು.

“ಎರಡಕ್ಕೂ ಹಚ್ಚು. ಒಂದೇ ವಾಸ್ನೆ ಬರ್ಲಿ.”

ನಾನು ಓದಿದ್ದರಲ್ಲಿ ಇದು ಇರಲಿಲ್ಲ. ಹಚ್ಚಿದೆ. ಬಿಳಿ ಕಪ್ಪಿನ ಹಣೆ ಮೂಸಿತು, ತುಂಬ ಹೊತ್ತು ಮೂಸಿತು. ಕಚ್ಚಲಿಲ್ಲ. ಬೆನ್ನು ಹಾಕಿ ಕೂತಿತು, ಅಷ್ಟೇ. ನನ್ನ ಕಾಲು ಜೋಮು ಹಿಡಿದಿತ್ತು. ಆದರೂ ಚಿಲಕ ತೆಗೆಯಲಿಲ್ಲ.