ಸೇತುವೆಯ ಈಚೆ ದಡದ ಕುರಿಗಳು

ನನಗೆ ಒಂದು ವಿಷಯ ತಲೆಗೆ ಹೊಕ್ಕಿತೆಂದರೆ ಅದು ಇತ್ಯರ್ಥವಾಗುವ ತನಕ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ನಮ್ಮಮ್ಮ ಇದನ್ನು ರೋಗ ಎನ್ನುತ್ತಾಳೆ. ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ನನಗೇ ಇದಕ್ಕೊಂದು ಗುಳಿಗೆ ಸಿಕ್ಕಿಲ್ಲ. ಮಾರುತೇಶಣ್ಣನ ಸಮಾಚಾರ ತಲೆಗೆ ಹೊಕ್ಕಿದ್ದೂ ಹೀಗೆಯೇ.

ಮಾರುತೇಶಣ್ಣ ಚಿತ್ರದುರ್ಗದಲ್ಲಿ ನಮ್ಮ ಅಂಗಡಿಯ ಪಕ್ಕದ ವೈಂಡಿಂಗ್ ಅಂಗಡಿಯವನು. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕಸುಬು. ಊರು ಹೊಸದುರ್ಗ ತಾಲ್ಲೂಕಿನ ಬಾಗೂರು. ಕುರಿ ಸಾಕುವ ಮನೆತನ. ವಯಸ್ಸು ನಲವತ್ತರ ಹತ್ತಿರ. ಮಾತು ಕಮ್ಮಿ, ನಗು ಮೀಸೆಯೊಳಗೇ. ಇಂಥವನು ಕಂಪ್ಯೂಟರ್ ಆಟದ ಹುಚ್ಚ ಎಂದರೆ ಮೋಟರು ತಂದುಕೊಡುವ ರೈತರು ನಂಬುವುದಿಲ್ಲ. ನಾನೂ ಮೊದಲು ನಂಬಿರಲಿಲ್ಲ. ಒಂದು ದಿನ ಚಿಲ್ಲರೆ ಕೇಳಲು ಹೋದಾಗ ಅವನ ಒಳಗೋಣೆಯಿಂದ ನನಗೆ ಚೆನ್ನಾಗಿ ಗೊತ್ತಿದ್ದ ಒಂದು ಸಂಗೀತ ಕೇಳಿಸಿತು. ‘ಬಾಗಿಲು’ ಆಟದ ಸಂಗೀತ.

ಅದು ಹೊರದೇಶದ ಆಟ. ಅದರ ಉದ್ದನೆಯ ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದೆ ನಾವು ಬಾಗಿಲು ಎಂದೇ ಕರೆಯುತ್ತೇವೆ, ಪ್ರತಿ ಭಾಗದ ಕೊನೆಗೂ ಒಂದು ದೊಡ್ಡ ಬಾಗಿಲು ತೆರೆಯಬೇಕಾದ್ದರಿಂದ. ಅದರಲ್ಲಿ ಒಬ್ಬ ಹುಡುಗನ ಪಾತ್ರ ನಮ್ಮದಾಗುತ್ತದೆ. ಅವನಾಗಿಯೇ ಊರೂರು ತಿರುಗಬೇಕು, ಮಂದಿಯ ಜತೆ ಮಾತಾಡಬೇಕು, ಜಗಳ ಕಾಯಬೇಕು, ಬಲ ಸಂಪಾದಿಸಬೇಕು. ಇಲ್ಲಿಯವರೆಗೆ ಆರು ಭಾಗ ಬಂದಿವೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಬಿದ್ದವರು ಒಂದು ವಾಟ್ಸಾಪ್ ಗುಂಪು ಕಟ್ಟಿಕೊಂಡಿದ್ದೇವೆ. ಹೊಳಲ್ಕೆರೆಯಲ್ಲಿ ಪೈಪಿನ ಅಂಗಡಿ ಇಟ್ಟಿರುವ ಹರೀಶ್, ಹಿರಿಯೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಪ್ರೀತಿ, ನಾನು. ಆವತ್ತಿನಿಂದ ಮಾರುತೇಶಣ್ಣನೂ ಸೇರಿದ.

ಒಂದು ಭಾನುವಾರ ನಾಲ್ವರೂ ಚಂದ್ರವಳ್ಳಿ ಕೆರೆಯ ಪಕ್ಕದ ಬಂಡೆ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಾಗ ನಾನು ಕೇಳಿದೆ, ಯಾವ ಭಾಗ ಯಾರಿಗೆ ಇಷ್ಟ ಅಂತ. ಹರೀಶ್ ಎರಡನೆಯದು ಎಂದ. ಪ್ರೀತಿ ನಾಲ್ಕನೆಯದು ಎಂದಳು. ನನಗೆ ಮೂರನೆಯದು. ವಿಚಿತ್ರ ನೋಡಿ, ಹರೀಶ್ ಆಟಕ್ಕೆ ಬಿದ್ದದ್ದು ಎರಡನೆಯ ಭಾಗದಿಂದ, ಪ್ರೀತಿ ನಾಲ್ಕರಿಂದ, ನಾನು ಮೂರರಿಂದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ ಯಾರು ಯಾವುದನ್ನು ಮೊದಲು ಆಡಿದರೋ ಅದೇ ಅವರಿಗೆ ಶ್ರೇಷ್ಠ. ನಾನು ಮೂರನೆಯದನ್ನು ಆಡಿದ್ದು ಒಂದು ಬೇಸಿಗೆಯಲ್ಲಿ ಕಾಮಾಲೆಯಾಗಿ ಅತ್ತೆಯ ಮನೆಯಲ್ಲಿ ಮಲಗಿದ್ದಾಗ. ಹೋದ ವರ್ಷ ಅದನ್ನೇ ಮತ್ತೆ ಹಚ್ಚಿ ನೋಡಿದೆ. ಒಂದು ಗಂಟೆಯಲ್ಲಿ ಆಕಳಿಕೆ ಬಂತು. ಆದರೂ ಯಾರಾದರೂ ಅದನ್ನು ಬೈದರೆ ನನಗೆ ಮೈ ಉರಿಯುತ್ತದೆ. ಹಾಗಾದರೆ ನಾನು ಹಚ್ಚಿಕೊಂಡದ್ದು ಆಟವನ್ನೋ, ಆ ಬೇಸಿಗೆಯನ್ನೋ? ಈ ಹುಳ ನನ್ನ ತಲೆಯಲ್ಲಿ ಕೊರೆಯತೊಡಗಿತು.

“ಮಾರುತೇಶಣ್ಣ, ನಿಂದು?” ಎಂದೆ.

“ಮೊದಲ್ನೇದು.”

“ಯಾಕೆ?”

ಅವನು ಕಡಲೆ ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡುತ್ತಾ ಯೋಚಿಸಿದ. “ನೆಮ್ಮದಿಯಾಗಿ ಐತೆ,” ಎಂದ.

ಹರೀಶ್ ನನ್ನ ಮುಖ ನೋಡಿದ, ನಾನು ಪ್ರೀತಿಯ ಮುಖ ನೋಡಿದೆ. ಮೊದಲನೆಯ ಭಾಗದಷ್ಟು ರಕ್ತ ಹರಿಯುವ ಆಟ ಇಡೀ ಸರಣಿಯಲ್ಲಿ ಇನ್ನೊಂದಿಲ್ಲ. ಅದು ಶುರುವಾಗುವುದೇ ಹುಡುಗನ ಹಳ್ಳಿಗೆ ಬೆಂಕಿ ಬೀಳುವುದರಿಂದ. ಹುಡುಗ ಊರ ಮುಂದಿನ ಸೇತುವೆ ದಾಟುತ್ತಾನೆ, ಬೆನ್ನ ಹಿಂದೆ ದಂಡಿನವರು ಬಂದು ಹಳ್ಳಿಯನ್ನು ಸುಡುತ್ತಾರೆ, ಅಲ್ಲಿಂದ ಮುಂದೆಲ್ಲ ಸೇಡಿನ ಕಥೆ. ಇದರಲ್ಲಿ ನೆಮ್ಮದಿ ಎಲ್ಲಿಂದ ಬಂತು?

ಮಾರುತೇಶಣ್ಣ ಬಸ್ಸು ಹತ್ತಿದ ಮೇಲೆ ಹರೀಶ್, “ಬುರುಡೆ ಬಿಡ್ತಾನೆ ಬಿಡಕ್ಕ. ಅವನು ಮೊದಲ್ನೇದು ಆಡೇ ಇಲ್ಲ. ದೊಡ್ಡಸ್ತಿಕೆಗೆ ಹೇಳ್ಕಳ್ತಾನೆ,” ಎಂದ. ನನಗೆ ಸಿಟ್ಟು ಬಂತು. ಮಾರುತೇಶಣ್ಣ ಸುಳ್ಳು ಹೇಳುವವನಲ್ಲ, ಹೇಳಲು ಬೇಕಾದಷ್ಟು ಮಾತೂ ಅವನ ಬಳಿ ಇಲ್ಲ. ಆದರೆ ಅನುಮಾನ ನನಗೂ ಹುಟ್ಟಿತ್ತು.

ಮಾರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಅವನ ಅಂಗಡಿಗೆ ನುಗ್ಗಿದೆ. ಒಳಗೋಣೆಯಲ್ಲಿ ತಂತಿ ಸುರುಳಿಗಳ ನಡುವೆ ಒಂದು ಹಳೇ ಕಂಪ್ಯೂಟರ್. ಅದರ ಪಕ್ಕದಲ್ಲಿ ಬುತ್ತಿ ಬಿಚ್ಚಿಕೊಂಡು ಅವನು ಆಡುತ್ತಾ ಕೂತಿದ್ದ.

“ಬಾರಮ್ಮ, ಕುಂತ್ಕ. ಮುದ್ದೆ ಉಣ್ತೀಯ?”

“ಮುದ್ದೆ ಇರ್ಲಿ. ನೀನು ಆಡು, ನಾನು ನೋಡ್ತೀನಿ.”

ಪರದೆಯ ಮೇಲೆ ಮೊದಲನೆಯ ಭಾಗವೇ ಇತ್ತು. ಹುಡುಗ ಹಳ್ಳಿಯ ಪಕ್ಕದ ಗುಡ್ಡದ ಮೇಲೆ ನಿಂತಿದ್ದ. ಸುತ್ತಲೂ ಕುರಿಗಳು. ಮಾರುತೇಶಣ್ಣ ಅವುಗಳ ಹಿಂದೆ ಹಿಂದೆ ನಡೆದು ಮೆಲ್ಲಗೆ ಹೊಳೆಯ ಕಡೆ ತಿರುಗಿಸಿದ. ನೀರಿನ ಹತ್ತಿರ ನಿಲ್ಲಿಸಿದ. ತೋಳವೊಂದು ಪೊದೆಯಿಂದ ಹೊರಬಂದಾಗ ಕೋಲಿನಿಂದ ಓಡಿಸಿದ. ಆಟದಲ್ಲಿ ಸಂಜೆಯಾಯಿತು. ಕುರಿಗಳನ್ನೆಲ್ಲ ಹೊಡೆದುಕೊಂಡು ಬಂದು ಬೇಲಿ ಹಾಕಿದ ರೊಪ್ಪಕ್ಕೆ ಕೂಡಿದ. ಗುಡಿಸಲಿಗೆ ಹೋಗಿ ಹುಡುಗನನ್ನು ಮಲಗಿಸಿದ. ಬೆಳಗಾಯಿತು. ಹುಡುಗ ಎದ್ದ. ಬಾಗಿಲಲ್ಲಿ ಒಬ್ಬ ಮುದುಕ ನಿಂತು ಏನೋ ಹೇಳಿದ. ಮಾರುತೇಶಣ್ಣ ಗುಂಡಿ ಒತ್ತಿ ಅವನನ್ನು ಸಾಗಹಾಕಿ ಮತ್ತೆ ರೊಪ್ಪದ ಕಡೆ ನಡೆದ.

ನಾನು ಬಾಯಿ ಬಿಟ್ಟುಕೊಂಡು ಕೂತೆ. ಆ ಕುರಿಗಳನ್ನು ನಾವ್ಯಾರೂ ಕಣ್ಣೆತ್ತಿ ನೋಡಿದವರಲ್ಲ. ಅವು ಸುಮ್ಮನೆ ಹಳ್ಳಿ ಎಂದು ತೋರಿಸಲು ಇಟ್ಟವು. ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಸೇತುವೆಯ ಕಡೆ ಓಡುವವರೇ.

“ಅಣ್ಣ, ಸೇತುವೆ ದಾಟಿಲ್ವಾ ನೀನು?”

“ಇಲ್ಲ.”

“ಒಂದ್ ಸಲನೂ?”

“ಇಲ್ಲ ಕಣಮ್ಮ. ದಾಟಿದ್ರೆ ಇವನ್ನ ಯಾರು ನೋಡ್ಕಳ್ತಾರೆ?”

ನಗು ಉಕ್ಕಿತು. ನಕ್ಕೂಬಿಟ್ಟೆ. ಅವನೂ ಮೀಸೆಯೊಳಗೆ ನಕ್ಕು ಮುದ್ದೆ ಮುರಿದ. ಮೊದಮೊದಲು ಇಂಗ್ಲಿಷು ಬಾರದೆ ಆ ಮುದುಕ ಹೇಳುವುದು ತಲೆಬುಡ ತಿಳಿಯುತ್ತಿರಲಿಲ್ಲವಂತೆ. ಕುರಿ ಕಾಯುವುದೇ ಆಟ ಅಂದುಕೊಂಡಿದ್ದನಂತೆ. “ಆಮೇಲೆ ಓದಾಕ್ ಬಂತು. ಸೇತುವೆ ದಾಟು, ಮಗನೇ, ದಾಟು ಅಂತಾನೆ ದಿನಾ. ಹೂಂ ಅಂತೀನಿ, ಕುರಿ ಬಿಡ್ಕಂಡು ಹೋಗ್ತೀನಿ.” ಎರಡನೆಯ ಭಾಗ ತಂದು ನೋಡಿದನಂತೆ. ಅದರಲ್ಲಿ ಕುರಿ ಇರಲಿಲ್ಲವೆಂದು ವಾಪಸು ಕೊಟ್ಟನಂತೆ.

“ಈ ಆಟ ನಿನ್ ಕೈಗೆ ಸಿಕ್ಕಿದ್ದು ಯಾವಾಗ?” ನನ್ನ ರೋಗ ಸುಮ್ಮನಿರಬೇಕಲ್ಲ.

ಅವನು ತಟ್ಟೆಗೆ ನೀರು ಹಾಕಿಕೊಂಡು ಕೈ ತೊಳೆದ. ಆಮೇಲೆ ಹೇಳಿದ. ಏಳನೆಯ ಕ್ಲಾಸಿಗೆ ಅವನನ್ನು ಓದಲೆಂದು ಚಿತ್ರದುರ್ಗದ ಹಾಸ್ಟೆಲಿಗೆ ಹಾಕಿದ್ದರು. ಅದುವರೆಗೆ ಶಾಲೆ ಬಿಟ್ಟ ತಕ್ಷಣ ಅಪ್ಪ ಹಾಲಸ್ವಾಮಿಯ ಜತೆ ಕುರಿಯ ಹಿಂದೆಯೇ ಇದ್ದವನು. ಹೆಸರಿಟ್ಟ ಕುರಿಗಳಿದ್ದವು, ಅವನು ಕೈಯಾರೆ ಹಾಲು ಕುಡಿಸಿದ ಮರಿಗಳಿದ್ದವು. ದಸರಾ ರಜಕ್ಕೆ ಊರಿಗೆ ಹೋದರೆ ರೊಪ್ಪ ಖಾಲಿ. ಅಪ್ಪನಿಗೆ ಮಂಡಿ ನೋವು, ಗುಡ್ಡ ಹತ್ತಲು ಆಗುತ್ತಿರಲಿಲ್ಲ, ಹಿಂಡನ್ನು ಮಾರಿಬಿಟ್ಟಿದ್ದರು. ತಪ್ಪೇನಲ್ಲ. ಅವನಿಗೆ ಮಾತ್ರ ಯಾರೂ ಒಂದು ಮಾತು ಹೇಳಿರಲಿಲ್ಲ. ಹೇಳಿದರೆ ಹುಡುಗ ಹಾಸ್ಟೆಲ್ ಬಿಟ್ಟು ಓಡಿಬರುತ್ತಾನೆ ಎಂದು ತಾಯಿ ಬರಗೇರಮ್ಮನೇ ತಡೆದಿದ್ದಳಂತೆ.

“ರಜ ಮುಗುಸ್ಕಂಡು ವಾಪಸ್ ಬಂದೆ. ಬಸ್‌ಸ್ಟ್ಯಾಂಡ್ ಹತ್ರ ಪರಮೇಶ್ವರಪ್ಪ ಅಂತ ಒಬ್ರು ಸೈಬರ್ ಸೆಂಟರ್ ಇಟ್ಟಿದ್ರು. ಹುಡುಗರ ಜತಿಗೆ ಹೋದೆ. ಪರದೆ ಮ್ಯಾಲೆ ನೋಡ್ತೀನಿ, ಕುರಿ.” ಇಷ್ಟು ಹೇಳಿ ಅವನು ಬುತ್ತಿ ಕಟ್ಟಿಟ್ಟ. ನನಗೆ ಮೊದಲು ನಕ್ಕದ್ದು ನೆನಪಾಗಿ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸಿತು.

ಇದು ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅದೇ ವಾರ ಮೊದಲನೆಯ ಭಾಗವನ್ನು ಹೊಸದಾಗಿ ತಿದ್ದಿ ಬಿಡುಗಡೆ ಮಾಡಿದರು. ಹರೀಶ್ ತರಿಸಿಕೊಂಡ. ಗುಂಪಿನಲ್ಲಿ ಬರೆದ: ‘ಭಾನುವಾರ ನಮ್ಮನೇಲಿ ದೊಡ್ಡ ಟೀವಿಯಲ್ಲಿ ಹಾಕ್ತೀನಿ. ಮೊದಲ ಭಾಗದ ಪಂಡಿತರು ಮಾರುತೇಶಣ್ಣ. ಅವರೇ ಆಡಲಿ, ನಾವು ನೋಡಿ ಕಲಿಯೋಣ.’ ಕೊನೆಗೆ ಕೈ ಮುಗಿದ ಚಿತ್ರ ಬೇರೆ. ಅದು ಗೌರವವಲ್ಲ, ಬಲೆ ಎಂದು ನನಗೆ ಗೊತ್ತಾಯಿತು. ಮಾರುತೇಶಣ್ಣನಿಗೂ ಗೊತ್ತಾಯಿತು.

“ಹೋಗ್ಬ್ಯಾಡ. ಜ್ವರ ಅಂತ ಹೇಳು. ಬೇಕಾದ್ರೆ ನಾನೇ ಡಾಕ್ಟ್ರ ಚೀಟಿ ಕೊಡುಸ್ತೀನಿ,” ಎಂದೆ.

“ಹೋಗಾಣ,” ಎಂದ. “ಸುಳ್ಳುಗಾರ ಅನ್ನುಸ್ಕಂಡು ಇರಾಕಾಗಲ್ಲ. ಆಡಿದೀನಿ ತಾನೇ, ನಿಜ ತಾನೇ.”

ಭಾನುವಾರ ಇಬ್ಬರೂ ಹೊಳಲ್ಕೆರೆ ಬಸ್ಸು ಹತ್ತಿದೆವು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಹೆಣ್ಣು ನೋಡಲು ಹೊರಟವನಂತೆ. ಊರು ದಾಟಿದ ಮೇಲೆ ಕಿಟಕಿಯ ಕಡೆಯೇ ಮುಖ ಮಾಡಿಕೊಂಡು ಕೇಳಿದ.

“ಸೇತುವೆ ದಾಟಿದ್ರೆ ಏನಾಗ್ತೈತೆ?”

ಕಥೆ ಮುಂದುವರಿಯುತ್ತದೆ ಅಷ್ಟೆ ಎಂದು ತೇಲಿಸಿಬಿಡಬಹುದಿತ್ತು. ಹೇಳಿದರೆ ಇವನು ಸೇತುವೆಯನ್ನೇ ದಾಟದೆ ಎದ್ದು ಬರಬಹುದು, ಹರೀಶ್ ಕೇಕೆ ಹಾಕಬಹುದು. ಹೇಳದಿದ್ದರೆ ಎಲ್ಲರ ಮುಂದೆ, ಬೆನ್ನ ಹಿಂದೆ, ಆ ಹಳ್ಳಿ ಸುಟ್ಟುಹೋಗುತ್ತದೆ. ನನಗೆ ಬರಗೇರಮ್ಮನ ಮೇಲೆ, ಕಂಡರಿಯದ ಆ ಹೆಂಗಸಿನ ಮೇಲೆ, ಎಲ್ಲಿಲ್ಲದ ಕೋಪ ಬಂತು. ಜತೆಗೇ ಅವಳು ಯಾಕೆ ಹೇಳಲಿಲ್ಲ ಎನ್ನುವುದೂ ಅರ್ಥವಾಯಿತು.

“ಹಳ್ಳಿ ಸುಡ್ತಾರೆ ಅಣ್ಣ. ರೊಪ್ಪನೂ ಹೋಗುತ್ತೆ. ವಾಪಸ್ ಬರಾಕ್ ಆಗಲ್ಲ.”

ಚಿತ್ರಹಳ್ಳಿ ಗೇಟ್ ಬಂತು, ಜನ ಇಳಿದರು, ಜನ ಹತ್ತಿದರು. ಅವನು ಅಂಗೈಯನ್ನು ಮೊಣಕಾಲ ಮೇಲೆ ಉಜ್ಜುತ್ತಾ ಕೂತಿದ್ದ. ಹೊಳಲ್ಕೆರೆ ಹತ್ತಿರವಾದಾಗ, “ಹೇಳಿದ್ದು ಒಳ್ಳೇದಾಯ್ತು,” ಎಂದನಷ್ಟೆ.

“ಬರ್ರಿ, ಬರ್ರಿ, ಕುಂತ್ಕಳ್ರಿ,” ಎಂದು ಹರೀಶ್ ಬಾಗಿಲಲ್ಲೇ ಸಂಭ್ರಮ ಮಾಡಿದ. ಪ್ರೀತಿ ಆಗಲೇ ಬಂದು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಮಾರುತೇಶಣ್ಣನನ್ನು ಟೀವಿಯ ಎದುರಿನ ಕುರ್ಚಿಯಲ್ಲಿ ಮದುಮಗನಂತೆ ಕೂರಿಸಿ ಕೈಗೆ ಆಟದ ರಿಮೋಟು ಕೊಟ್ಟರು. ಹೊಸ ಆವೃತ್ತಿಯಲ್ಲಿ ಗುಡ್ಡದ ಹುಲ್ಲು ಒಂದೊಂದೂ ಕಾಣುತ್ತಿತ್ತು. ಕುರಿಗಳ ಮೈಮೇಲೆ ಉಣ್ಣೆ ಗಾಳಿಗೆ ಆಡುತ್ತಿತ್ತು. ಮುದುಕ ಬಂದು, ಸೇತುವೆ ದಾಟು ಎಂದ.

ಮಾರುತೇಶಣ್ಣ ರೊಪ್ಪದ ಕಡೆ ನಡೆದ.

“ಅಣ್ಣೋ, ಸೇತುವೆ ಆ ಕಡೆ ಐತೆ,” ಹರೀಶ್ ನನ್ನತ್ತ ಕಣ್ಣು ಮಿಟುಕಿಸಿದ. ನಾನು ಅವನನ್ನು ದುರುಗುಟ್ಟಿ ನೋಡಿದೆ.

ಮಾರುತೇಶಣ್ಣ ಒಂದು ಕುರಿಯ ಪಕ್ಕ ಹೋಗಿ ನಿಂತು ಒಂದು ಗುಂಡಿ ಒತ್ತಿದ. ಹುಡುಗ ಬಗ್ಗಿ ಅದರ ಮೈಯಿಂದ ಚೂರು ಉಣ್ಣೆ ತೆಗೆದು ಚೀಲಕ್ಕೆ ಹಾಕಿಕೊಂಡ. ಇನ್ನೊಂದು ಕುರಿ. ಮತ್ತೊಂದು. ಹಿಂಡಿನ ಒಳಗೆಲ್ಲ ತಿರುಗಿ, ಒಂದನ್ನೂ ಬಿಡದೆ.

“ಅದು ಯಾತಕ್ಕೂ ಬರಲ್ಲಣ್ಣ, ಚೀಲ ತುಂಬುತ್ತೆ ಅಷ್ಟೆ,” ಎಂದು ಹರೀಶ್ ನಕ್ಕ. “ಆಡಿದ್ರೆ ತಾನೇ ಗೊತ್ತಾಗೋದು.”

ಮಾರುತೇಶಣ್ಣ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ. “ನಮ್ಮನೇಲಿ ಕುರಿ ಮಾರಿದ್ರೆ ಸುಮ್ನೆ ಕಳ್ಸಲ್ಲ. ಹಗ್ಗ ಬಿಡಾಕ್ ಮೊದ್ಲು ಮೈಮ್ಯಾಲಿಂದ ಒಂದ್ ಚಿಟಿಕೆ ಉಣ್ಣೆ ಕಿತ್ಕಂಡು ರೊಪ್ಪದ ಸೂರಿನಾಗೆ ಸಿಗುಸ್ತೀವಿ. ಕುರಿ ಹೋದ್ರೂ ಅದರ ಋಣ ಮನೇಲಿ ಉಳೀಲಿ ಅಂತ. ನಮ್ ಹಿಂಡು ಮಾರ್ದಾಗ ನಾನು ಹಾಸ್ಟೆಲ್‌ನಾಗಿದ್ದೆ. ನನ್ ಕೈಯಾಗೆ ಕೀಳ್ಸಲಿಲ್ಲ.”

ಪ್ರೀತಿ ಈಳಿಗೆಮಣೆ ಪಕ್ಕಕ್ಕಿಟ್ಟಳು. ಹರೀಶನ ಮುಖದಲ್ಲಿದ್ದ ನಗು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತು, ಆಮೇಲೆ ಇಳಿಯಿತು.

ಕೊನೆಯ ಕುರಿಯದೂ ಆಯಿತು. ಮಾರುತೇಶಣ್ಣ ರೊಪ್ಪದ ಬಾಗಿಲನ್ನು ತೆರೆದೇ ಬಿಟ್ಟು ಹುಡುಗನನ್ನು ಸೇತುವೆಯ ಮೇಲೆ ನಡೆಸಿದ. ಎಲ್ಲರೂ ಓಡುವ ಸೇತುವೆಯ ಮೇಲೆ ಅವನು ನಡೆದ. ಆಚೆ ದಡ ಮುಟ್ಟುತ್ತಲೇ ಹಿಂದೆ ಕೊಂಬು ಊದಿದರು, ಕುದುರೆಗಳ ಸದ್ದು, ಹೊಗೆ. ಆ ಹೊತ್ತಿಗೆ ನಾವೆಲ್ಲ ಗುಂಡಿ ಒತ್ತಿ ಮುಂದಕ್ಕೆ ಹೋಗುತ್ತೇವೆ. ಮಾರುತೇಶಣ್ಣ ಹುಡುಗನನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿದ. ಸೂರುಗಳು ಕುಸಿಯುವ ತನಕ ನೋಡಿದ. ಅವನ ಕಣ್ಣಿಂದ ನೀರು ಇಳಿದು ಮೀಸೆಗೆ ಬಂತು, ಒರೆಸಿಕೊಳ್ಳಲಿಲ್ಲ. ನಾನೂ ಅಳುತ್ತಿದ್ದೆ. ಹೊರಗೆ ಯಾರೋ ಬೈಕು ಸ್ಟಾರ್ಟ್ ಮಾಡುತ್ತಿದ್ದರು, ಅದು ಹತ್ತುತ್ತಲೇ ಇರಲಿಲ್ಲ.

ಬೆಂಕಿ ತಣ್ಣಗಾಯಿತು. ಹುಡುಗನ ಎದುರಿಗೆ ಮೂರು ದಾರಿಗಳು.

“ಹರೀಶ, ಇಲ್ಲಿಂದ ಯಾವ ಕಡಿಗೆ ಹೋಗ್ಬೇಕಪ್ಪ?” ಎಂದ ಮಾರುತೇಶಣ್ಣ. “ನಂಗೆ ಗೊತ್ತಿಲ್ಲ. ಇಲ್ಲಿಗೆ ನಾನು ಯಾವತ್ತೂ ಬಂದಿಲ್ಲ.”

ಹರೀಶ್ ತನ್ನ ಕುರ್ಚಿ ಬಿಟ್ಟು ಬಂದು ಅವನ ಕಾಲ ಬಳಿ ನೆಲದ ಮೇಲೆ ಕೂತ.

“ಎಡಕ್ಕೆ ಹೋಗಣ್ಣ,” ಎಂದ. “ನಿಧಾನಕ್ಕೆ.”