ಅಧಿಕ ಮಾಸ ನುಂಗಿದ ಹನ್ನೊಂದು ದಿನ

ನನ್ನ ಮಗಳು ಕಷ್ಟಪಟ್ಟು ಪಾಸು ಮಾಡಿದ್ದ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಯಾತಕ್ಕೂ ಬಾರದಂತೆ ಮಾಡಿದವನು ನಾನು. ಮನೆಗೆ ಬಂದುಹೋಗುವ ನಾಲ್ಕು ಜನಕ್ಕೆ ಇದು ಗೊತ್ತಿದೆ. ಆದರೆ ಅವರಿಗೆ ಗೊತ್ತಿರುವುದು ಅರ್ಧ ಮಾತ್ರ. ಉಳಿದರ್ಧವನ್ನು ಬರೆದಿಡುವ ಧೈರ್ಯ ಇಷ್ಟು ದಿನ ಬಂದಿರಲಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅದರ ಬಲದ ಮೇಲೆ ಪೆರಂಬೂರಿನ ರೈಲ್ವೆ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲೇ ನಿವೃತ್ತನಾದೆ. ಆ ಅಂಕಪಟ್ಟಿಯನ್ನು ಹದಿನಾರನೆಯ ವಯಸ್ಸಿನಲ್ಲಿ ಪಡೆದೆ, ಅರವತ್ತರವರೆಗೂ ಅದು ನಡೆಯಿತು. ಹೀಗಾಗಿ, ಪಾಸಾದ ಪರೀಕ್ಷೆಗೂ ವಾಯಿದೆ ಇರುತ್ತದೆ ಎಂದು ಮಗಳು ಮೊದಲ ಸಲ ಹೇಳಿದಾಗ ನಾನು ನಕ್ಕಿದ್ದೆ.

"ಇಂಗ್ಲಿಷೇನು ಹಾಲೇನೆ, ಎರಡು ವರ್ಷಕ್ಕೆ ಒಡೆದು ಹೋಗಕ್ಕೆ?"

"ಅವರ ಲೆಕ್ಕದಲ್ಲಿ ಹಾಲೇ ಪಾ," ಎಂದಳು, ಅಪ್ಪ ಎನ್ನುವುದನ್ನು ತಮಿಳರಂತೆ ಮೊಟಕು ಮಾಡಿ. "ಎರಡು ವರ್ಷದ ಒಳಗೆ ಅರ್ಜಿ ಹಾಕಬೇಕು. ಒಂದು ದಿನ ದಾಟಿದರೂ ತಿರುಗ ಮೊದಲಿಂದ ಬರೀಬೇಕು."

ಅವಳು ನರ್ಸ್. ತ್ರಿಪ್ಲಿಕೇನಿನ ನಮ್ಮ ಮಾಧ್ವರ ಮನೆಗಳಲ್ಲಿ ಆ ಕೆಲಸ ಹಿಡಿದವರು ಬೇರೆ ಯಾರೂ ಇರಲಿಲ್ಲ. ಕಂಡವರ ಮೈ ಒರೆಸುವ ಕೆಲಸ ಎಂದು ನಾನೇ ಎಷ್ಟೋ ಸಲ ಚುಚ್ಚಿದ್ದೆ. ಹೊರದೇಶದಲ್ಲಿ ನರ್ಸ್ ಆಗಿ ಹೆಸರು ನೋಂದಾಯಿಸಿಕೊಳ್ಳಲು ಆ ಪರೀಕ್ಷೆ ಬೇಕಿತ್ತು. ಪಾಳಿ ಮುಗಿಸಿ ಬಂದು, ಅಡುಗೆಮನೆಯ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದಿ, ಮೂರನೆಯ ಸಲಕ್ಕೆ ಬೇಕಾದಷ್ಟು ಅಂಕ ತೆಗೆದಳು. ಅಷ್ಟರಲ್ಲಿ ನನ್ನ ಹೆಂಡತಿ ಹಾಸಿಗೆ ಹಿಡಿದಳು. ಮಗಳು ಅರ್ಜಿಯನ್ನು ಪಕ್ಕಕ್ಕಿಟ್ಟು ಒಂದು ವರ್ಷ ತಾಯಿಯ ಸೇವೆ ಮಾಡಿದಳು. ನಾನು ಹೀಗಳೆದಿದ್ದ ಕೆಲಸವನ್ನೇ ನನ್ನ ಕಣ್ಣೆದುರಿಗೆ, ಮುಖ ಸಿಂಡರಿಸದೆ ಮಾಡಿದಳು. ಕಾರ್ತಿಕ ಮಾಸದ ಬಹುಳ ಪಂಚಮಿಯಂದು ನನ್ನ ಹೆಂಡತಿ ಹೋದಳು. ಹೋಗುವ ಮುಂಚೆ ಮಗಳ ಕೈ ಹಿಡಿದು, "ನಿಂತುಬಿಡಬೇಡ, ಹೋಗು" ಎಂದಿದ್ದಳು. ಆ ಮಾತು ನನ್ನ ಕಿವಿಗೂ ಬಿದ್ದಿತ್ತು.

ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಗಳು, ಬರುವ ತಿಂಗಳು ಅರ್ಜಿ ಹಾಕುತ್ತೇನೆ ಎಂದಳು. ಬೆಳಗಿನ ಕಾಫಿ ಯಾರು ಕೊಡುತ್ತಾರೆ, ಸಾರು ಯಾರು ಕುದಿಸುತ್ತಾರೆ, ಈ ಮನೆಯಲ್ಲಿ ನನ್ನೊಡನೆ ಮಾತನಾಡುವವರು ಯಾರು? ಇವೇ ನನಗೆ ಹೊಳೆದದ್ದು. ಮಗಳ ಒಳ್ಳೆಯದಕ್ಕೆ ತಡೆದೆ ಎಂದು ನೆಂಟರ ಹತ್ತಿರ ಆಮೇಲೆ ಹೇಳಿಕೊಂಡಿದ್ದೇನೆ. ಅದು ಸುಳ್ಳು.

ಮಠಕ್ಕೆ ಹೋಗಿ ನಮ್ಮ ಪುರೋಹಿತರಾದ ಆಚಾರ್ಯರನ್ನು ಕೇಳಿದೆ. "ವರ್ಷಾಂತಿಕ ಆಗುವ ತನಕ ಮಗಳು ಹೊಸದೇನೂ ಶುರು ಮಾಡಬಾರದು, ಅಲ್ಲವೆ?"

"ಕರ್ಮ ಮಾಡೋರು ನೀವು. ಕಟ್ಟುಪಾಡು ನಿಮಗೆ," ಎಂದರು ಆಚಾರ್ಯರು. "ಆ ಹುಡುಗಿಗೆ ಏನೂ ಇಲ್ಲ. ಹೋಗಿ ಬರಲಿ ಪಾಪ."

ಮನೆಗೆ ಬಂದು ಮಗಳಿಗೆ ಇದನ್ನು ತಿರುಚಿ ಹೇಳಿದೆ. ತಾಯಿಯ ವರ್ಷ ಮುಗಿಯುವ ತನಕ ಅರ್ಜಿಗೆ ಕೈ ಹಾಕಕೂಡದು, ಆಚಾರ್ಯರೇ ಹೇಳಿದ್ದಾರೆ, ಹಾಕಿದರೆ ತಾಯಿಯ ಜೀವಕ್ಕೆ ದಾರಿ ಸಿಗುವುದಿಲ್ಲ ಎಂದೆ. ಕೊನೆಯ ಮಾತು ನನ್ನದೇ ಸೇರ್ಪಡೆ. ತಾಯಿಯ ವಿಷಯದಲ್ಲಿ ಅವಳು ಎದುರಾಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅವಳು ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದಳು. ಬೆರಳು ಮಡಿಸುತ್ತ ಎಣಿಸಿದಳು. ತಾಯಿ ಹೋದದ್ದು ನವೆಂಬರ್ ಹದಿಮೂರು. ಮುಂದಿನ ನವೆಂಬರ್ ಹದಿಮೂರಕ್ಕೆ ವರ್ಷ. ಫಲಿತಾಂಶದ ವಾಯಿದೆ ಇಪ್ಪತ್ತನಾಲ್ಕಕ್ಕೆ.

"ಹನ್ನೊಂದು ದಿನ ಉಳಿಯತ್ತೆ ಪಾ. ಪೋದುಂ, ಅಷ್ಟು ಸಾಕು. ಎಲ್ಲಾ ಕಾಗದ ರೆಡಿ ಮಾಡಿಟ್ಟಿರ್ತೀನಿ. ವರ್ಷ ಆದ ಮಾರನೇ ದಿನವೇ ಹಾಕಿಬಿಡ್ತೀನಿ. ಸೆರಿನಾ?"

ಅವಳು ಹುಟ್ಟಿದ್ದು, ಓದಿದ್ದು, ದುಡಿಯುತ್ತಿರುವುದು ಎಲ್ಲ ಈ ಊರಿನಲ್ಲೇ. ಸುತ್ತಲಿನ ತಮಿಳರು ಸೂರ್ಯನ ಲೆಕ್ಕದಲ್ಲಿ ತಿಂಗಳು ಎಣಿಸುವವರು. ಅವರಿಗೆ ವರ್ಷವೆಂದರೆ ಯಾವಾಗಲೂ ಹನ್ನೆರಡೇ ತಿಂಗಳು. ನಮ್ಮ ಮನೆಯ ಶ್ರಾದ್ಧಗಳೆಲ್ಲ ಚಂದ್ರನ ತಿಥಿಯಂತೆ. ಎರಡು ಮೂರು ವರ್ಷಕ್ಕೊಮ್ಮೆ ನಮಗೆ ಒಂದು ತಿಂಗಳು ಹೆಚ್ಚಾಗಿ ಬರುತ್ತದೆ. ಅದೇ ಅಧಿಕ ಮಾಸ. ಮುಂದಿನ ಶ್ರಾವಣ ಎರಡು ಸಲ ಬರುವುದಿತ್ತು. ಎಂದರೆ ತಾಯಿಯ ವರ್ಷಕ್ಕೆ ಹದಿಮೂರು ತಿಂಗಳು. ವರ್ಷಾಂತಿಕದ ತಿಥಿ ಬೀಳುವುದು ಡಿಸೆಂಬರಿನಲ್ಲಿ, ಫಲಿತಾಂಶದ ವಾಯಿದೆ ಕಳೆದು ಎಂಟು ದಿನಕ್ಕೆ. ಮಠದಿಂದ ಬರುವ ದಾರಿಯಲ್ಲೇ ನಾನು ಇದನ್ನು ಲೆಕ್ಕ ಹಾಕಿಕೊಂಡಿದ್ದೆ.

"ಸರಿಯಮ್ಮ," ಎಂದೆ.

ಜನಕ್ಕೆ ಗೊತ್ತಿಲ್ಲದ ಅರ್ಧ ಇದೇ.

ಆ ಇಡೀ ವರ್ಷ ಮನೆಯಲ್ಲಿ ಅಧಿಕ ಮಾಸದ ಹೆಸರೆತ್ತದೆ ಕಳೆದೆ. ಹಿಂದೆಲ್ಲ ಆ ತಿಂಗಳು ನನ್ನ ಹೆಂಡತಿ ಮೂವತ್ಮೂರು ಕಜ್ಜಾಯ ಕರಿದು ದಾನ ಕೊಡುತ್ತಿದ್ದಳು. ಮನೆಯೆಲ್ಲ ಬೆಲ್ಲ, ತುಪ್ಪದ ವಾಸನೆ. ಈ ಸಲ ಅದರ ಸುದ್ದಿಯೇ ಇಲ್ಲ. ತಿಂಗಳು ತಿಂಗಳಿನ ಮಾಸಿಕವನ್ನು ಮಠದಲ್ಲೇ ಮುಗಿಸಿ ಬರುತ್ತಿದ್ದೆ. ಪಂಚಾಂಗವನ್ನು ನನ್ನ ಬಟ್ಟೆಗಳ ಕೆಳಗೆ ಇಟ್ಟಿದ್ದೆ. ಅವಳೋ, ಕಾಗದಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದಳು. ಕಾಲೇಜಿನದು, ಆಸ್ಪತ್ರೆಯದು, ಪೊಲೀಸರದು. ಎಲ್ಲವನ್ನೂ ನೀಲಿ ಫೈಲಿನಲ್ಲಿ ಜೋಡಿಸಿ ನನಗೆ ತೋರಿಸುತ್ತಿದ್ದಳು. ನಾನು ಕನ್ನಡಕ ಹಾಕಿಕೊಂಡು ನೋಡಿ, ಚೆನ್ನಾಗಿದೆ ಎನ್ನುತ್ತಿದ್ದೆ.

ನವೆಂಬರ್ ಮೊದಲ ವಾರ ಅವಳು ಕೇಳಿದಳು. "ಹದಿಮೂರಕ್ಕೆ ಲೀವ್ ಹಾಕಿದೀನಿ ಪಾ. ಆಚಾರ್ಯರಿಗೆ ಹೇಳಿದಿರಾ?"

ಪಂಚಾಂಗ ತಂದು, ಕನ್ನಡಕ ಒರೆಸಿ, ಹಾಳೆ ತಿರುವಿ, ಆಗ ತಾನೇ ಕಂಡವನಂತೆ, ನಡುವೆ ಅಧಿಕ ಮಾಸ ಬಂದಿದೆ, ತಿಥಿ ಬೀಳುವುದು ಡಿಸೆಂಬರಿನಲ್ಲಿ ಎಂದು ಹೇಳಿದೆ. ಅವಳು ತುಂಬ ಹೊತ್ತು ಆ ಹಾಳೆಯನ್ನೇ ನೋಡಿದಳು. ಅವಳಿಗೆ ಕನ್ನಡ ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಬರುತ್ತದೆ.

"ನಿಮಗೆ ಮೊದಲೇ ಗೊತ್ತಿತ್ತಾ? ನಿಜ ಹೇಳಿ."

"ಇಲ್ಲಮ್ಮ. ನಿಮ್ಮಮ್ಮ ಹೋದ ಮೇಲೆ ನನಗೆ ಯಾವುದು ನೆನಪಿರತ್ತೆ ಹೇಳು?"

ಅವಳು ನಂಬಿದಳು. ನಂಬಿ ನನಗೇ ಸಮಾಧಾನ ಹೇಳಿದಳು. "ಈಗ ಹಾಕಿಬಿಡಲಾ? ಅಮ್ಮ ಬೇಜಾರು ಮಾಡ್ಕೋತಾಳಾ?" ಎಂದು ಒಂದೇ ಒಂದು ಸಲ ಕೇಳಿದಳು. ನಾನು ಬೇಡ ಎನ್ನಲಿಲ್ಲ. ಹೆಂಡತಿಯ ಪಟದ ಕಡೆ ನೋಡಿ ಕಣ್ಣೊರೆಸಿಕೊಂಡೆ, ಅಷ್ಟೆ. ಬೇಡ ಎಂದಿದ್ದರೂ ಇಷ್ಟು ಪಾಪ ಬರುತ್ತಿರಲಿಲ್ಲವೇನೋ. ಇಪ್ಪತ್ತನಾಲ್ಕನೆಯ ತಾರೀಖು ಅವಳು ಎಂದಿನಂತೆ ಕೆಲಸಕ್ಕೆ ಹೋಗಿ ಬಂದಳು.

ವರ್ಷಾಂತಿಕದ ದಿನ ಊಟ ಮುಗಿದು ಆಚಾರ್ಯರು ಉಯ್ಯಾಲೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಮಗಳು ಎಲೆಗಳನ್ನೆತ್ತಿ ನೆಲ ಒರೆಸುತ್ತಿದ್ದಳು.

"ಏನಮ್ಮ, ನೀನಿನ್ನೂ ಇಲ್ಲೇ ಇದೀಯ? ಚಳಿ ದೇಶಕ್ಕೆ ಹೋಗಿ ನನಗೊಂದು ಕಂಬಳಿ ಕಳಿಸ್ತೀಯ ಅಂತ ಕಾಯ್ತಾ ಇದೀನಿ," ಎಂದರು.

"ವರ್ಷ ಮುಗೀಲಿ ಅಂತ ನೀವೇ ಹೇಳಿದ್ರಂತಲ್ಲ ಆಚಾರ್ರೆ."

"ನಾನಾ? ಚೆನ್ನಾಗಿದೆ! ನಿನಗೆ ಏನೂ ಇಲ್ಲ ಅಂತ ಅವತ್ತೇ ನಿಮ್ಮಪ್ಪನಿಗೆ ಹೇಳಿ ಕಳಿಸಿದೆನಲ್ಲ. ಅಲ್ಲವೇನ್ರೀ?"

ಉಯ್ಯಾಲೆ ನಿಂತಿತು. ಮಗಳು ತಲೆ ಎತ್ತಲಿಲ್ಲ. ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸಿ, ಬಟ್ಟೆ ಹಿಂಡಿ, ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಎರಡು ಸಲ ಪರೀಕ್ಷೆ ಬರೆದಳು. ಎರಡು ಸಲವೂ ಪ್ರಬಂಧ ಬರೆಯುವ ಭಾಗದಲ್ಲಿ ಅರ್ಧ ಅಂಕ ಸಾಲದೆ ಹೋಯಿತು. ಅವಳ ಜೊತೆ ಓದಿದವಳೊಬ್ಬಳು ಹೊರದೇಶಕ್ಕೆ ಹೊರಟುಹೋಗಿ ಅಲ್ಲೇ ಮನೆ ಮಾಡಿದ್ದಾಳೆ. ನಾನು ಬಯಸಿದಂತೆ ನನಗೆ ಕಾಫಿ ಸಿಗುತ್ತಿದೆ, ಸಾರು ಸಿಗುತ್ತಿದೆ. ಮಾತು ಮಾತ್ರ ತಮಿಳಿಗೆ ತಿರುಗಿದೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ, ಅದೂ ಒಂದೆರಡು ಪದದಲ್ಲಿ ಉತ್ತರ ಕೊಡುತ್ತಾಳೆ.

ಮೊನ್ನೆ ಅವಳ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವಳು ಬೆರಳು ಮಡಿಸಿ ಎಣಿಸುವಾಗಲೇ ನನಗೆ ಅಧಿಕ ಮಾಸ ಗೊತ್ತಿತ್ತೆಂದು ಹೇಳಿದೆ. ಇನ್ನೊಮ್ಮೆ ಬರಿ, ಈ ಸಲ ನಾನು ತಡೆಯುವುದಿಲ್ಲ ಎಂದೆ. ಬಹಳ ದಿನಗಳ ಮೇಲೆ ಅವಳು ಕನ್ನಡದಲ್ಲಿ ಮಾತಾಡಿದಳು.

"ನೀವು ಹೋದ ಮೇಲೆ ನಾನು ವರ್ಷಗಿರ್ಷ ಹಿಡಿಯೋದಿಲ್ಲ ಪಾ. ಹತ್ತನೇ ದಿನ ಬೇಕಾದರೂ ಹೊರಟುಬಿಡ್ತೀನಿ. ಈಗಲೇ ಹೇಳಿಟ್ಟಿದೀನಿ."

ಸರಿ ಎಂದೆ.

ಈಗ ಮತ್ತೆ ಓದುತ್ತಿದ್ದಾಳೆ. ಸಂಜೆ ಮೇಜಿನ ಮುಂದೆ ಕೂತು ಪ್ರಬಂಧ ಬರೆಯುತ್ತಾಳೆ. ಒಂದಕ್ಕೆ ನಲವತ್ತು ನಿಮಿಷ. ಸಮಯ ನೋಡಿ ಹೇಳುವುದಾದರೂ ನನಗಿರಲಿ ಎಂದು ಕೇಳಿಕೊಂಡಾಗ, ಬೇಡ ಎನ್ನಲಿಲ್ಲ. ಕೈಗಡಿಯಾರ ಹಿಡಿದು ಎದುರಿಗೆ ಕೂತಿರುತ್ತೇನೆ. ಅವಳು ಏನು ಬರೆಯುತ್ತಾಳೋ ನನಗೆ ಸರಿಯಾಗಿ ಅರ್ಥವಾಗುವುದಿಲ್ಲ. ನಲವತ್ತಾಯಿತು ಎಂದು ಹೇಳುತ್ತೇನೆ. ಅವಳು ಬರೆಯುವುದನ್ನು ನಿಲ್ಲಿಸುವುದಿಲ್ಲ. ಮೊದಲು ಫೋನು ತಿರುಗಿಸಿ, ಹೊತ್ತು ಎಷ್ಟಾಯಿತೆಂದು ತಾನೇ ನೋಡಿಕೊಳ್ಳುತ್ತಾಳೆ. ಆಮೇಲೆ ಪೆನ್ನು ಕೆಳಗಿಡುತ್ತಾಳೆ.